ಗೋಡೆಯ ಜಮಾ-ಖರ್ಚು

ಮಕ್ಕಳೇ, ಈ ವಾರ ಒಂದು ಸುಲಭದ ಪ್ರಶ್ನೆ. ಮನೆಯ ಗೋಡೆ ಏನು ಕೆಲಸ ಮಾಡುತ್ತದೆ?

"ಮರೆ ಮಾಡುತ್ತದೆ" ಎನ್ನುತ್ತೀರಿ ನೀವು. "ಕ್ಯಾಲೆಂಡರ್ ನೇತುಹಾಕಲು ಬೇಕು" ಎನ್ನುತ್ತಾರೆ ನಿಮ್ಮ ಅಜ್ಜಿ. ಎರಡೂ ಸರಿಯೇ. ಆದರೆ ಹಳೆಯ ಮನೆಗಳಲ್ಲಿ ಗೋಡೆಗೆ ಇವೆರಡಕ್ಕಿಂತ ದೊಡ್ಡ ಕೆಲಸ ಒಂದಿದೆ. ಅದು ಹೊರೆ ಹೊತ್ತು ನಿಂತಿರುತ್ತದೆ, ಹಗಲೂ ರಾತ್ರಿ, ರಜೆಯಿಲ್ಲದೆ. ಚಾವಣಿಯ ಭಾರ ಜಂತೆಗೆ, ಜಂತೆಯದು ಗೋಡೆಗೆ, ಗೋಡೆಯದು ಪಾಯಕ್ಕೆ, ಪಾಯದ್ದು ಭೂಮಿಗೆ. ಬ್ಯಾಂಕಿನಲ್ಲಿ ನಾವು ಗುಮಾಸ್ತರು ಲೆಡ್ಜರ್ ಬರೆಯುತ್ತಿದ್ದ ಹಾಗೆಯೇ ಇದು. ಒಂದು ಖಾತೆಯಲ್ಲಿ ಖರ್ಚು ಬರೆದ ಹಣ ಇನ್ನೊಂದು ಖಾತೆಯಲ್ಲಿ ಜಮಾ ಆಗಲೇಬೇಕು, ಮಧ್ಯದಲ್ಲಿ ಮಾಯವಾಗುವ ಹಾಗಿಲ್ಲ. ಮನೆಯ ಭಾರವೂ ಅಷ್ಟೇ. ಗೋಡೆಯಲ್ಲಿ ಒಂದು ದೊಡ್ಡ ರಂಧ್ರ ಕೊರೆದರೆ ಅಲ್ಲಿ ಇಳಿಯುತ್ತಿದ್ದ ಭಾರ ಯಾರ ಖಾತೆಗೆ ಹೋಯಿತು ಎಂದು ಮೊದಲೇ ಹೇಳಲು ಬರಬೇಕು. ಹೇಳಲು ಬರದಿದ್ದರೆ ಸುತ್ತಿಗೆ ಎತ್ತಬಾರದು.

ಈ ಲೆಕ್ಕವನ್ನು ನಾನು ಹತ್ತಿರದಿಂದ ನೋಡಿದ್ದು ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲಿ, ನನ್ನ ಮಗನ ಮನೆಯಲ್ಲಿ. 1920ರ ದಶಕದಲ್ಲಿ ಕಟ್ಟಿದ ಮರದ ಮನೆ ಅದು. ಕೆಳಗೆ ಕಾಂಕ್ರೀಟ್ ಹಾಲೋ ಬ್ಲಾಕ್ ಗೋಡೆಯ ನೆಲಮಾಳಿಗೆ. ಅಲ್ಲಿಯವರು ಬೇಸ್‌ಮೆಂಟ್ ಎನ್ನುತ್ತಾರೆ.

ಆ ಊರಲ್ಲಿ ಹೆಚ್ಚು ಕಡಿಮೆ ಪ್ರತಿ ಹಳೆಯ ಮನೆಗೂ ನೆಲಮಾಳಿಗೆ ಏಕೆ ಇದೆ ಗೊತ್ತೇ? ನಮ್ಮ ಕಡೆ ಹಿಂದೆ ಧಾನ್ಯ ತುಂಬಲು ಹಗೇವು ತೋಡುತ್ತಿದ್ದರು. ಅಲ್ಲಿ ಕಾರಣ ಬೇರೆ, ಚಳಿ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆಂದು ನೀವು ಶಾಲೆಯಲ್ಲಿ ಓದಿದ್ದೀರಿ. ಹಿಗ್ಗಿದ ನೆಲ ಮೇಲಿನ ಪಾಯವನ್ನೇ ಎತ್ತಿಬಿಡುತ್ತದೆ. ಆದ್ದರಿಂದ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪಾಯ ಹಾಕಬೇಕು. ಮಿನಿಯಾಪೊಲಿಸ್ ಸುತ್ತಮುತ್ತ ಕನಿಷ್ಠ 42 ಇಂಚು, ಆ ರಾಜ್ಯದ ಉತ್ತರ ಭಾಗದಲ್ಲಿ 60 ಇಂಚು ಆಳ. ಹೇಗಿದ್ದರೂ ಅಷ್ಟು ಅಗೆಯಬೇಕಲ್ಲ, ಇನ್ನಷ್ಟು ಅಗೆದರೆ ಒಂದು ಕೋಣೆಯೇ ಸಿಗುತ್ತದೆ. ಹಾಗೆ ಹುಟ್ಟಿದ್ದು ಬೇಸ್‌ಮೆಂಟ್. ಆಗಿನ ಕಾಲಕ್ಕೆ ಅದು ಕಲ್ಲಿದ್ದಲು ತುಂಬಲು, ಒಲೆಯ ಬಾಯ್ಲರ್ ಇಡಲು, ಬಟ್ಟೆ ಒಗೆಯಲು. ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ಅದಕ್ಕೇ ಕಿಟಕಿಗಳು ಪುಟ್ಟವು, ಚಾವಣಿಗೆ ಅಂಟಿಕೊಂಡ ಹಾಗೆ ಮೇಲುಗಡೆ.

ನಾವಿಬ್ಬರು ಮುದುಕರು ಆರು ತಿಂಗಳಿಗೆಂದು ಹೋದಾಗ ಹದಿಮೂರು ವರ್ಷದ ಮೊಮ್ಮಗ ತನ್ನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟ. "ತಾತ, ನಾನು ಕೆಳಗೆ ಮಲಗ್ತೀನಿ, ನಂಗೂ ಅದೇ ಇಷ್ಟ" ಎಂದ. ಅವನಿಗೆ ನಿಜಕ್ಕೂ ಇಷ್ಟವೇ. ಆ ವಯಸ್ಸಿನ ಹುಡುಗರಿಗೆ ಸ್ವಂತದ ಗುಹೆ ಸಿಕ್ಕಿದರೆ ಬೇರೇನು ಬೇಕು! ಆದರೆ ನನ್ನ ಹೆಂಡತಿ ಕೆಳಗಿಳಿದು ನೋಡಿದವಳು ಮೇಲೆ ಬಂದು ಒಂದೇ ಮಾತು ಹೇಳಿದಳು.

"ಮೆಟ್ಟಿಲ ಹತ್ತಿರ ಬೆಂಕಿ ಬಿದ್ದರೆ ಮಗು ಎಲ್ಲಿಂದ ಹೊರಗೆ ಬರಬೇಕು?"

ಮನೆಯಲ್ಲಿ ಎಲ್ಲರೂ ಸುಮ್ಮನಾದರು. ಮೆಟ್ಟಿಲು ಒಂದೇ, ಅದರ ಬುಡದಲ್ಲೇ ಬಾಯ್ಲರ್. ಕಿಟಕಿ ಇತ್ತು. 34 ಇಂಚು ಅಗಲ, 16 ಇಂಚು ಎತ್ತರ, ನೆಲದಿಂದ 64 ಇಂಚು ಮೇಲೆ. ಅದರಲ್ಲಿ ಬೆಕ್ಕು ಹೊರಗೆ ಹೋಗಬಹುದು, ಹದಿಮೂರರ ಹುಡುಗ ಹೊಗೆಯಲ್ಲಿ ತಡಕಾಡುತ್ತ ಹೋಗಲಾರ. "ಕಿಟಕಿ ದೊಡ್ಡದಾಗೋವರೆಗೂ ಅವನು ಹಾಲ್‌ನಲ್ಲಿ ಸೋಫಾ ಮೇಲೆ ಮಲಗಲಿ" ಎಂದು ಅಜ್ಜಿ ತೀರ್ಪು ಕೊಟ್ಟಳು. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಅಜ್ಜಿ ಹೇಳಿದ್ದನ್ನೇ ಅಲ್ಲಿಯ ಕಟ್ಟಡದ ನಿಯಮವೂ ಹೇಳುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳು ಅನುಸರಿಸುವ ವಸತಿ ಸಂಹಿತೆಯ ಪ್ರಕಾರ ಬೇಸ್‌ಮೆಂಟಿನ ಮಲಗುವ ಕೋಣೆಗೆ ತಪ್ಪಿಸಿಕೊಳ್ಳಲು ಒಂದು ಕಿಟಕಿ ಅಥವಾ ಬಾಗಿಲು ಇರಬೇಕು. ಕಿಟಕಿಯಾದರೆ ಅದು ತೆರೆದಾಗ ಸಿಗುವ ಜಾಗ ಕನಿಷ್ಠ 20 ಇಂಚು ಅಗಲ, 24 ಇಂಚು ಎತ್ತರ, ಒಟ್ಟು 5.7 ಚದರ ಅಡಿ. ನೆಲಮಟ್ಟದ ಕಿಟಕಿಗೆ 5 ಚದರ ಅಡಿ ಸಾಕು. ಕಿಟಕಿಯ ಕೆಳ ಅಂಚು ಕೋಣೆಯ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಬೀಗದ ಕೈ, ಸ್ಕ್ರೂಡ್ರೈವರ್ ಯಾವುದೂ ಇಲ್ಲದೆ ಒಳಗಿನಿಂದ ತೆರೆಯಬೇಕು. ಈ ಅಳತೆಗಳಿಗೆ ಕಾರಣವಿದೆ. ಒಳಗಿನವರು ಹೊರಗೆ ಬರಬೇಕು, ಅದರ ಜೊತೆಗೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕ ದಳದವನು ಒಳಗೆ ನುಗ್ಗಲೂ ಬೇಕು.

ಇಲ್ಲೊಂದು ಲೆಕ್ಕದ ತಮಾಷೆ ಇದೆ, ಪೆನ್ಸಿಲ್ ತೆಗೆದುಕೊಳ್ಳಿ. 20 ಇಂಚು ಅಗಲ, 24 ಇಂಚು ಎತ್ತರ ಎಂದರೆ 480 ಚದರ ಇಂಚು. ಒಂದು ಚದರ ಅಡಿಗೆ 144 ಚದರ ಇಂಚು. ಹಾಗಾದರೆ ಅದು 3.33 ಚದರ ಅಡಿ ಮಾತ್ರ! 5.7 ಬೇಕಾದರೆ ಸುಮಾರು 821 ಚದರ ಇಂಚು ಆಗಬೇಕು. ಅಂದರೆ ಅಗಲವೂ ಕನಿಷ್ಠ, ಎತ್ತರವೂ ಕನಿಷ್ಠ ಇಟ್ಟರೆ ಕಿಟಕಿ ಪಾಸಾಗುವುದಿಲ್ಲ. ಅಗಲ 20 ಇದ್ದರೆ ಎತ್ತರ 41ಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಎತ್ತರ 24 ಇದ್ದರೆ ಅಗಲ 34ಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಮೊಮ್ಮಗ ಇದನ್ನು ತಾನೇ ಕಂಡುಹಿಡಿದು "ತಾತ, ಇದು ಟ್ರಿಕ್ ಕ್ವೆಶ್ಚನ್!" ಎಂದು ಕೂಗಿದ.

ಮೊದಲು ಬಂದ ಗುತ್ತಿಗೆದಾರರು ಟೇಪು ಹಿಡಿದು, ದಕ್ಷಿಣದ ಗೋಡೆ ತೋರಿಸಿ, "ಇಲ್ಲಿ ಐದಡಿ ಅಗಲದ ಕಿಟಕಿ ಇಡೋಣ, ಬಿಸಿಲು ಚೆನ್ನಾಗಿ ಬರುತ್ತೆ, ಎರಡು ದಿನದ ಕೆಲಸ" ಎಂದರು. ಸೊಸೆಗೆ ಬಿಸಿಲಿನ ಮಾತು ಕೇಳಿ ಸಂತೋಷವಾಯಿತು. ನನಗೆ ಮಾತ್ರ ಬ್ಯಾಂಕಿನ ಹಳೇ ಚಾಳಿ. ಸಾಲದ ಅರ್ಜಿ ಬಂದರೆ ಜಾಮೀನು ಯಾರು ಎಂದು ಕೇಳುವುದು. "ಮೇಲಿನ ಭಾರಕ್ಕೆ ಜಾಮೀನು ಯಾರು?" ಎಂದು ಮಗನನ್ನು ಕೇಳಿದೆ. ಅವನಿಗೂ ಅದೇ ಅನುಮಾನ ಇತ್ತು. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದ. ಅರವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಟಾರ್ಚು, ದಾರಕ್ಕೆ ಕಟ್ಟಿದ ಗುಂಡು. ನಮ್ಮ ಮೇಸ್ತ್ರಿಗಳು ಗೋಡೆ ನೆಟ್ಟಗಿದೆಯೇ ನೋಡಲು ಇಳಿಬಿಡುತ್ತಾರಲ್ಲ, ಅದೇ ತೂಗುಗುಂಡು. ಅವರು ಒಂದೂವರೆ ಗಂಟೆ ಗೋಡೆ ನೋಡಿದರು. ನಾನು ಹಿಂದೆ ಹಿಂದೆಯೇ ಸುತ್ತಿದೆ. ಅವರು ಬೇಸರಪಡದೆ ಹೇಳಿದ್ದನ್ನು ನನ್ನ ಮಾತಿನಲ್ಲಿ ನಿಮಗೆ ಹೇಳುತ್ತೇನೆ.

ಮೊದಲನೆಯದು, ಜಂತೆಗಳು ಯಾವ ಕಡೆಗೆ ಓಡುತ್ತವೆ ಎಂದು ನೋಡಬೇಕು. ಮೇಲಿನ ಅಂತಸ್ತಿನ ನೆಲವನ್ನು ಹೊತ್ತ ಮರದ ಜಂತೆಗಳ ತುದಿ ಯಾವ ಗೋಡೆಯ ಮೇಲೆ ಕೂತಿದೆಯೋ ಆ ಗೋಡೆಗೆ ಭಾರ ಹೆಚ್ಚು. ಆ ಮನೆಯಲ್ಲಿ ಜಂತೆಗಳು ಉತ್ತರ-ದಕ್ಷಿಣವಾಗಿ ಓಡಿದ್ದವು. ಅಂದರೆ ಗುತ್ತಿಗೆದಾರರು ತೋರಿಸಿದ ದಕ್ಷಿಣದ ಗೋಡೆಯೇ ಹೊರೆಯಾಳು. ಸಾಲದ್ದಕ್ಕೆ ಅದರ ಮೇಲೆಯೇ ಹಾಲ್‌ನ ದೊಡ್ಡ ಕಿಟಕಿ. ಆ ಕಿಟಕಿಯ ಎರಡು ಪಕ್ಕದ ಕಂಬಗಳು ಚಾವಣಿಯ ಭಾರವನ್ನೂ, ಚಳಿಗಾಲದಲ್ಲಿ ಅದರ ಮೇಲೆ ಕೂರುವ ಹಿಮದ ಭಾರವನ್ನೂ ಎರಡೇ ಬಿಂದುಗಳಲ್ಲಿ ತಂದು ಇಳಿಸುತ್ತವೆ. ಅಲ್ಲಿ ಐದಡಿ ಕತ್ತರಿಸಿದ್ದರೆ ಆ ಕಂಬಗಳಲ್ಲಿ ಒಂದು ಗಾಳಿಯ ಮೇಲೆ ನಿಲ್ಲಬೇಕಾಗುತ್ತಿತ್ತು.

ಎರಡನೆಯದು, ಅಗಲ ಮಾಡುವುದಕ್ಕೂ ಆಳ ಮಾಡುವುದಕ್ಕೂ ಬಹಳ ವ್ಯತ್ಯಾಸ. ಇದನ್ನು ನೀವು ಮೇಜಿನ ಮೇಲೆಯೇ ಮಾಡಿ ನೋಡಬಹುದು. ಎರಡು ಕಡೆ ಪುಸ್ತಕಗಳ ಗುಡ್ಡೆ ಮಾಡಿ ಮಧ್ಯೆ ಜಾಗ ಬಿಡಿ. ಅಡ್ಡಲಾಗಿ ಒಂದು ಸ್ಕೇಲು ಇಡಿ. ಸ್ಕೇಲಿನ ಮೇಲೆ ಒಂದು ಡಿಕ್ಷನರಿ. ಆ ಸ್ಕೇಲೇ ಲಿಂಟಲ್. ಬಾಗಿಲು ಕಿಟಕಿಗಳ ಮೇಲೆ ಹಾಕುತ್ತಾರಲ್ಲ, ಅದು. ಮೇಲಿನ ಭಾರವನ್ನು ತಾನು ಹಿಡಿದು ಎರಡು ಪಕ್ಕಕ್ಕೆ ದಾಟಿಸುವುದು ಅದರ ಕೆಲಸ. ಈಗ ಗುಡ್ಡೆಗಳನ್ನು ದೂರ ದೂರ ಸರಿಸಿ. ಸ್ಕೇಲು ಬಾಗುತ್ತದೆ. ಇನ್ನೂ ಸರಿಸಿದರೆ ತುದಿ ಜಾರಿ ಬೀಳುತ್ತದೆ. ಅದರ ಬದಲು ಗುಡ್ಡೆಗಳನ್ನು ಸರಿಸದೆ ಎರಡಕ್ಕೂ ಕೆಳಗೆ ಇನ್ನೆರಡೆರಡು ಪುಸ್ತಕ ಸೇರಿಸಿ. ಸಂದು ಎತ್ತರವಾಯಿತು. ಸ್ಕೇಲಿಗೆ ಅದು ಗೊತ್ತೇ ಆಗಲಿಲ್ಲ!

ಕಿಟಕಿಯ ಅಗಲ ಹೆಚ್ಚಿಸಿದರೆ ಹಳೆಯ ಲಿಂಟಲ್ ಸಾಲುವುದಿಲ್ಲ, ಹೊಸದು ಬೇಕು. ಹೊಸದನ್ನು ಕೂರಿಸುವವರೆಗೆ ಮೇಲಿನ ಜಂತೆಗಳನ್ನು ಒಳಗಡೆ ತಾತ್ಕಾಲಿಕ ತೊಲೆ, ಆಸರೆ ಕಂಬ, ಜಾಕಿ ಕೊಟ್ಟು ಹಿಡಿದಿರಬೇಕು. ಹೊಸ ಲಿಂಟಲ್ಲಿನ ಎರಡೂ ತುದಿ ಗಟ್ಟಿ ಗೋಡೆಯ ಮೇಲೆ ಸಾಕಷ್ಟು ಕೂತಿರಬೇಕು. ಗೋಡೆಗೆ ಹಾಕುವ ಲಿಂಟಲ್‌ಗೆ ಪ್ರತಿ ಕಡೆ ಕನಿಷ್ಠ 4 ಇಂಚು, ಭಾರ ನೋಡಿಕೊಂಡು ಎಂಜಿನಿಯರ್ ಅದಕ್ಕಿಂತ ಹೆಚ್ಚು ಕೇಳಬಹುದು. ಅದೇ ಅಗಲ ಇದ್ದಷ್ಟೇ ಇಟ್ಟು ಕೆಳಮುಖವಾಗಿ ಕತ್ತರಿಸಿದರೆ ಮೇಲಿನ ಭಾರದ ಹಾದಿ ಬದಲಾಗುವುದಿಲ್ಲ. ಹಳೆಯ ಖಾತೆ ಹಾಗೇ ಇರುತ್ತದೆ.

ಲಿಂಟಲ್ ವಿಷಯ ಬಂದದ್ದರಿಂದ ಒಂದು ಮಾತು. ತೊಲೆ ಬಾಗಿದಾಗ ಅದರ ಮೇಲುಗಡೆ ಅಮುಕುತ್ತದೆ, ಕೆಳಗಡೆ ಹಿಗ್ಗುತ್ತದೆ. ಕಲ್ಲಿಗೂ ಕಾಂಕ್ರೀಟಿಗೂ ಅಮುಕಿದರೆ ಸಹಿಸುವ ಶಕ್ತಿ ಬಹಳ, ಎಳೆದರೆ ಸಹಿಸುವ ಶಕ್ತಿ ಕಡಿಮೆ. ಬೇಲೂರು ಹಳೇಬೀಡಿಗೆ ಪ್ರವಾಸ ಹೋದಾಗ ದೇವಸ್ಥಾನದ ಒಳಗೆ ಕಂಬಗಳು ಎಷ್ಟು ಒತ್ತೊತ್ತಾಗಿವೆ ನೋಡಿ. ಕಲ್ಲಿನ ತೊಲೆಯನ್ನು ಉದ್ದ ಬಿಟ್ಟರೆ ಕೆಳಗಡೆ ಬಿರುಕು ಬಿಡುತ್ತದೆ ಎಂದು ಆ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ನಾವು ಕಾಂಕ್ರೀಟ್ ಲಿಂಟಲ್ಲಿನ ಕೆಳಭಾಗದಲ್ಲಿ ಕಬ್ಬಿಣದ ಸರಳು ಹಾಕುವುದೂ ಆ ಎಳೆತವನ್ನು ಹಿಡಿಯಲೆಂದೇ.

ಮೂರನೆಯದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ನೆಲಮಾಳಿಗೆಯ ಗೋಡೆಗೆ ಭಾರ ಮೇಲಿನಿಂದ ಮಾತ್ರ ಅಲ್ಲ, ಪಕ್ಕದಿಂದಲೂ ಬರುತ್ತದೆ. ಹೊರಗಿನ ಮಣ್ಣು ಸದಾ ಒಳಕ್ಕೆ ತಳ್ಳುತ್ತಿರುತ್ತದೆ. ಆಳ ಹೆಚ್ಚಿದಷ್ಟೂ ತಳ್ಳುವಿಕೆ ಹೆಚ್ಚು. ಮಳೆ ನೀರು ಕುಡಿದ ಮಣ್ಣು ಇನ್ನೂ ಜೋರಾಗಿ ತಳ್ಳುತ್ತದೆ. ಗೋಡೆ ಒಳಕ್ಕೆ ಬೀಳದಂತೆ ಕೆಳಗಡೆ ನೆಲದ ಕಾಂಕ್ರೀಟ್ ಹಿಡಿದಿರುತ್ತದೆ, ಮೇಲುಗಡೆ ಜಂತೆಗಳು ಹಿಡಿದಿರುತ್ತವೆ.

ಇದಕ್ಕೂ ಒಂದು ಪ್ರಯೋಗ. ಹಳೆ ನೋಟ್‌ಬುಕ್ಕಿನ ರಟ್ಟು ತೆಗೆದುಕೊಂಡು ನೆಟ್ಟಗೆ ನಿಲ್ಲಿಸಿ. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದುಕೊಳ್ಳಿ. ತಂಗಿಗೆ ಹೇಳಿ ಮಧ್ಯದಲ್ಲಿ ಬೆರಳಿಂದ ಒತ್ತಿಸಿ. ಸ್ವಲ್ಪ ಬಾಗಿ ನಿಲ್ಲುತ್ತದೆ. ಈಗ ರಟ್ಟಿನ ಮೇಲ್ಭಾಗದಲ್ಲಿ ಮಧ್ಯೆ ಒಂದು ದೊಡ್ಡ ಚೌಕ ಕತ್ತರಿಸಿ ತೆಗೆಯಿರಿ. ಆ ಚೌಕದ ಕೆಳಗೆ ಒತ್ತಿಸಿ. ಅಲ್ಲಿ ಮೇಲಿನಿಂದ ಹಿಡಿಯುವವರೇ ಇಲ್ಲ! ರಟ್ಟು ಸುಲಭವಾಗಿ ಒಳಕ್ಕೆ ಬಾಗುತ್ತದೆ. ಎರಡು ಪಕ್ಕದ ಪಟ್ಟಿಗಳೇ ಎಲ್ಲ ಒತ್ತಡವನ್ನೂ ಹೊರಬೇಕು. ಕಿಟಕಿಯ ಅಗಲ ಹೆಚ್ಚಿದಷ್ಟೂ ಕೆಳಗಿನ ಗೋಡೆ ಅನಾಥ.

ಆದ್ದರಿಂದಲೇ ಎಂಜಿನಿಯರ್ ಮೊದಲು ಹುಡುಕಿದ್ದು ಬಿರುಕುಗಳನ್ನು. ಬ್ಲಾಕ್ ಗೋಡೆಯ ಅರ್ಧ ಎತ್ತರದಲ್ಲಿ ಅಡ್ಡಲಾಗಿ ಬಿರುಕು ಇದ್ದು, ಗೋಡೆ ಒಳಕ್ಕೆ ಉಬ್ಬಿದ್ದರೆ ಮಣ್ಣು ಗೆಲ್ಲುತ್ತಿದೆ ಎಂದರ್ಥ. ಅಂಥ ಗೋಡೆಯನ್ನು ಮೊದಲು ಸರಿಪಡಿಸಬೇಕು, ಆಮೇಲೆ ಕಿಟಕಿಯ ಮಾತು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು ಇದ್ದರೆ ಪಾಯ ಎಲ್ಲೋ ಕುಸಿದಿರಬಹುದು. ಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಗೋಡೆಯೊಳಗಿಂದ ನೀರು ಹಾಯುತ್ತಿದೆ ಎಂದು ತಿಳಿಯಬೇಕು. ಗುಂಡು ಇಳಿಬಿಟ್ಟು ನೋಡಿದರು. ನಮ್ಮ ಪುಣ್ಯಕ್ಕೆ ಪೂರ್ವದ ಗೋಡೆ ನೆಟ್ಟಗಿತ್ತು, ಒಣಗಿತ್ತು.

ಅವರ ತೀರ್ಮಾನ ಹೀಗೆ ಬಂತು. ದಕ್ಷಿಣ ಬೇಡ, ಪೂರ್ವ ಇರಲಿ. ಪೂರ್ವದ ಗೋಡೆಗೆ ಜಂತೆಗಳು ಸಮಾನಾಂತರವಾಗಿ ಓಡುತ್ತವೆ, ಆದ್ದರಿಂದ ಮೇಲಿನ ಭಾರ ಕಡಿಮೆ. ಅಲ್ಲಿರುವ 34 ಇಂಚಿನ ಅಗಲವನ್ನೇ ಉಳಿಸಿಕೊಂಡು ಕೆಳಕ್ಕೆ ಕತ್ತರಿಸಿ. "ಆದರೆ" ಎಂದು ಅವರು ಬೆರಳೆತ್ತಿದರು. ಜಂತೆಗಳು ಸಮಾನಾಂತರವಾಗಿದ್ದರೆ ಅವುಗಳ ತುದಿ ಆ ಗೋಡೆಯನ್ನು ಹಿಡಿದುಕೊಂಡಿರುವುದಿಲ್ಲ. ಅಂದರೆ ಮೇಲಿನ ಭಾರದಲ್ಲಿ ಲಾಭ, ಪಕ್ಕದ ತಳ್ಳುವಿಕೆಯಲ್ಲಿ ನಷ್ಟ. ಆ ನಷ್ಟ ತುಂಬಲು ಗೋಡೆಗೂ ಮೊದಲ ಕೆಲವು ಜಂತೆಗಳಿಗೂ ನಡುವೆ ಅಡ್ಡಲಾಗಿ ಮರದ ತುಂಡುಗಳನ್ನು ಬಿಗಿಯಾಗಿ ಕೂರಿಸಬೇಕು. ಕಿಟಕಿಯ ಎರಡು ಪಕ್ಕದಲ್ಲಿ ಬ್ಲಾಕುಗಳ ಟೊಳ್ಳಿನೊಳಗೆ ಕಬ್ಬಿಣದ ಸರಳು ಇಳಿಸಿ ಕಾಂಕ್ರೀಟ್ ತುಂಬಬೇಕು. ಆಗ ಪಕ್ಕದ ಪಟ್ಟಿಗಳು ಕಂಬದಂತೆ ಗಟ್ಟಿಯಾಗುತ್ತವೆ. ನನಗೆ ಬಹಳ ಹಿಡಿಸಿತು. ಇದು ಪಕ್ಕಾ ಲೆಡ್ಜರಿನ ಲೆಕ್ಕ. ಎಲ್ಲಿ ಕಳೆದರೋ ಅಲ್ಲಿಗೇ ತುಂಬಿಸಿದರು.

ಇನ್ನೂ ಹಳೆಯ ಮನೆಗಳಲ್ಲಿ ಕಾಡುಗಲ್ಲಿನ ನೆಲಮಾಳಿಗೆ ಇರುತ್ತದಂತೆ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಅಲ್ಲಿ ಇನ್ನೂ ಎಚ್ಚರ ಬೇಕು. ಬ್ಲಾಕ್ ಗೋಡೆಯನ್ನು ಗೆರೆ ಹಾಕಿ ಗರಗಸದಲ್ಲಿ ನೇರವಾಗಿ ಕೊಯ್ಯಬಹುದು. ಕಲ್ಲಿನ ಗೋಡೆಯಲ್ಲಿ ಒಂದು ಕಲ್ಲು ಕಿತ್ತರೆ ಅದನ್ನು ನಂಬಿಕೊಂಡ ಪಕ್ಕದ ಕಲ್ಲು, ಅದರ ಮೇಲಿನ ಕಲ್ಲು, ಎಲ್ಲವೂ ಸಡಿಲವಾಗುತ್ತವೆ. ನಮ್ಮ ಹಳ್ಳಿಯ ಹಳೆ ತೊಟ್ಟಿ ಮನೆಗಳ ಕಲ್ಲು-ಮಣ್ಣಿನ ಗೋಡೆಯದೂ ಇದೇ ಸ್ವಭಾವ.

ಕೆಲಸ ಶುರುವಾಗುವ ಮುಂಚೆ ಮಗ ನಗರಸಭೆಯಿಂದ ಪರವಾನಗಿ ಪಡೆದ. ಆಮೇಲೆ 811 ಎಂಬ ಸಂಖ್ಯೆಗೆ ಫೋನ್ ಮಾಡಿದ. ಅಮೆರಿಕದಲ್ಲಿ ಎಲ್ಲೇ ನೆಲ ಅಗೆಯುವ ಮುಂಚೆ ಈ ಸಂಖ್ಯೆಗೆ ತಿಳಿಸಬೇಕು. ಕೆಲವು ದಿನದಲ್ಲಿ ಬಂದು ನೆಲದಡಿಯ ತಂತಿ, ಕೊಳವೆಗಳ ಮೇಲೆ ಬಣ್ಣ ಬಳಿದು ಹೋಗುತ್ತಾರೆ. ಕೆಂಪು ಎಂದರೆ ವಿದ್ಯುತ್, ಹಳದಿ ಗ್ಯಾಸು, ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ, ಕಿತ್ತಳೆ ಟೆಲಿಫೋನು. ಹುಲ್ಲಿನ ಮೇಲೆ ರಂಗೋಲಿ ಹಾಕಿದ ಹಾಗಿತ್ತು. ನಮ್ಮ ಪೂರ್ವದ ಗೋಡೆಯ ಪಕ್ಕ ಹಳದಿ ಗೆರೆ ನಾಲ್ಕಡಿ ದೂರದಲ್ಲಿ ಹಾದುಹೋಗಿತ್ತು. ಆ ಗೆರೆ ನೋಡಿ ನನ್ನ ಹೆಂಡತಿ ಗುತ್ತಿಗೆದಾರರಿಗೆ ಎರಡು ಸಲ ಕಾಫಿ ಕೊಟ್ಟು ಎರಡು ಸಲ ಎಚ್ಚರಿಕೆ ಹೇಳಿದಳು.

ಕಿಟಕಿ ನೆಲಮಟ್ಟಕ್ಕಿಂತ ಕೆಳಗಿಳಿಯುವುದರಿಂದ ಹೊರಗಡೆ ಒಂದು ಪುಟ್ಟ ಬಾವಿ ತೋಡಬೇಕು. ನಿಯಮದ ಪ್ರಕಾರ ಅದರ ಹರವು ಕನಿಷ್ಠ 9 ಚದರ ಅಡಿ, ಗೋಡೆಯಿಂದ ಹೊರಕ್ಕೆ ಕನಿಷ್ಠ 36 ಇಂಚು. 44 ಇಂಚಿಗಿಂತ ಆಳವಿದ್ದರೆ ಹತ್ತಲು ಏಣಿ ಬೇಕು. ನಮ್ಮದು ಎರಡಡಿ ಆಳ ಮಾತ್ರ. ಅದಕ್ಕೆ ಕೂರಿಸಿದ್ದು ಅರ್ಧ ದುಂಡಗಿನ, ಅಲೆಅಲೆಯಾದ ಉಕ್ಕಿನ ತಗಡು. ಏಕೆ ದುಂಡಗೆ? ನಮ್ಮ ಊರಿನ ಸೇದುವ ಬಾವಿಗಳು ಏಕೆ ದುಂಡಗಿರುತ್ತವೆಯೋ ಅದಕ್ಕೇ. ಚಪ್ಪಟೆ ಗೋಡೆಯನ್ನು ಮಣ್ಣು ತಳ್ಳಿದರೆ ಅದು ಬಾಗುತ್ತದೆ. ದುಂಡು ಗೋಡೆಯನ್ನು ತಳ್ಳಿದರೆ ಅದರ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಇನ್ನೂ ಬಿಗಿಯಾಗುತ್ತವೆ.

ಬಾವಿ ಎಂದ ಮೇಲೆ ನೀರು ತುಂಬಬಾರದಲ್ಲ! ಇದನ್ನು ಮರೆತರೆ ಮೊದಲ ಜೋರು ಮಳೆಗೇ ಕಿಟಕಿ ಜಲಪಾತವಾಗುತ್ತದೆ. ಆದ್ದರಿಂದ ಬಾವಿಯ ತಳದಲ್ಲಿ ಜಲ್ಲಿ ತುಂಬಿ, ಅಲ್ಲಿಂದ ಒಂದು ಕೊಳವೆಯನ್ನು ಪಾಯದ ಸುತ್ತಲಿನ ನೀರ್ಗಾಲುವೆಗೆ ಸೇರಿಸಿದರು. ಚಾವಣಿಯ ನೀರಿನ ಕೊಳವೆ ಅಲ್ಲೇ ಪಕ್ಕದಲ್ಲಿ ಸುರಿಯುತ್ತಿತ್ತು, ಅದನ್ನು ದೂರಕ್ಕೆ ತಿರುಗಿಸಿದರು. ನೆಲವನ್ನು ಮನೆಯಿಂದ ಹೊರಕ್ಕೆ ಇಳಿಜಾರು ಮಾಡಿದರು.

ಕತ್ತರಿಸುವ ದಿನ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಗರಗಸದ ಅಲಗಿಗೆ ನೀರು ಬಿಟ್ಟುಕೊಂಡೇ ಕೊಯ್ದರು. ಕಾಂಕ್ರೀಟಿನ ಒಣ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಹಳೆಯ ಕಿಟಕಿಯ ಬಣ್ಣವನ್ನೂ ಉಜ್ಜಿ ಪುಡಿ ಮಾಡಲಿಲ್ಲ. ಆ ದೇಶದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು ಎಂದೇ ಎಣಿಸಿ ಕೆಲಸ ಮಾಡಬೇಕು.

ಕೊನೆಗೆ ಗೋಡೆಯ ತೆರವು 34 ಇಂಚು ಅಗಲ, 42 ಇಂಚು ಎತ್ತರವಾಯಿತು. ಚೌಕಟ್ಟು, ಕದ ಎಲ್ಲ ಕಳೆದು ತೆರೆದಾಗ ಸಿಗುವುದು 25 ಇಂಚು ಅಗಲ, 35 ಇಂಚು ಎತ್ತರ. ಗುಣಿಸಿ ನೋಡಿ, 875 ಚದರ ಇಂಚು. ನಮಗೆ ಬೇಕಿದ್ದದ್ದು 821. ಪಾಸು! ಇದು ಪುಸ್ತಕದ ಮಡಚಿನಂತೆ ಪಕ್ಕಕ್ಕೆ ತೆರೆಯುವ ಕದ. ಅದೇ ಅಳತೆಗೆ ಸರಿಸುವ ಕಿಟಕಿ ಹಾಕಿದ್ದರೆ ಅರ್ಧ ಮಾತ್ರ ತೆರೆಯುತ್ತಿತ್ತು, ಫೇಲಾಗುತ್ತಿತ್ತು. ಕೆಳ ಅಂಚು ನೆಲದಿಂದ 41 ಇಂಚು.

ನಗರಸಭೆಯ ತನಿಖಾಧಿಕಾರಿ ಬಂದು ಅಳೆದು ಸಹಿ ಹಾಕಿ ಹೋದರು. ಆದರೆ ಅಜ್ಜಿಯ ಸಹಿ ಬಾಕಿ ಇತ್ತು. ದೀಪ ಆರಿಸಿ, ಮೊಮ್ಮಗನನ್ನು ಹಾಸಿಗೆಯಲ್ಲಿ ಮಲಗಿಸಿ, "ಬೆಂಕಿ!" ಎಂದು ಕೂಗಿ, ಒಂದು ಎರಡು ಮೂರು ಎಂದು ಎಣಿಸಲು ಶುರು ಮಾಡಿದಳು. ಹದಿನಾಲ್ಕು ಎನ್ನುವಷ್ಟರಲ್ಲಿ ಹುಡುಗ ಹೊರಗಿನ ಹುಲ್ಲಿನ ಮೇಲೆ ನಿಂತು ಕೈ ಬೀಸುತ್ತಿದ್ದ. "ಇನ್ನೊಂದು ಸಲ" ಎಂದಳು. ಎರಡನೇ ಸಲ ಹನ್ನೊಂದು. ಅವತ್ತು ರಾತ್ರಿ ಅವನು ಕೆಳಗೆ ಮಲಗಿದ. ನನ್ನ ಹೆಂಡತಿ ಅಷ್ಟು ದಿನದ ಮೇಲೆ ಮೊದಲ ಬಾರಿ ಇಡೀ ರಾತ್ರಿ ನಿದ್ದೆ ಮಾಡಿದಳು.

ಈಗ ನಮ್ಮ ಕಡೆಯ ಅಜ್ಜ ಅಜ್ಜಿಯರಿಗೆ ಎರಡು ಮಾತು. ನಮ್ಮಲ್ಲಿ ನೆಲಮಾಳಿಗೆಯ ಮಲಗುವ ಕೋಣೆ ಅಪರೂಪ, ಒಪ್ಪಿದೆ. ಆದರೆ ಹಳೆಯ ಮನೆಯ ಗೋಡೆ ಒಡೆಯುವುದು ಅಪರೂಪವಲ್ಲ. ಎರಡು ಕೋಣೆ ಸೇರಿಸಿ ಹಾಲ್ ಮಾಡುತ್ತೇವೆ, ಬೀದಿ ಕಡೆ ಗೋಡೆ ಒಡೆದು ಅಂಗಡಿಗೆ ಶಟರ್ ಇಡುತ್ತೇವೆ, ಕಿಟಕಿಯನ್ನು ಬಾಗಿಲು ಮಾಡುತ್ತೇವೆ. ಪಿಲ್ಲರ್ ಮೇಲೆ ನಿಂತ ಹೊಸ ಮನೆಯಲ್ಲಿ ಒಳಗೋಡೆ ಹೆಚ್ಚಾಗಿ ಬರೀ ಮರೆಯಾಗಿರುತ್ತದೆ. ಪಿಲ್ಲರ್ ಇಲ್ಲದ ಹಳೆಯ ಮನೆಯಲ್ಲಿ ಗೋಡೆಯೇ ಪಿಲ್ಲರ್. ಎರಡಕ್ಕೂ ಒಂದೇ ಸುತ್ತಿಗೆ ಬೀಸಬಾರದು. ಮೇಸ್ತ್ರಿ "ಏನೂ ಆಗಲ್ಲ ಯಜಮಾನ್ರೇ" ಎಂದರೆ ಮೂರು ಪ್ರಶ್ನೆ ಕೇಳಿ. ಈ ಗೋಡೆಯ ಮೇಲೆ ಏನೇನು ಕೂತಿದೆ? ಒಡೆದ ಮೇಲೆ ಆ ಭಾರ ಎಲ್ಲಿಗೆ ಹೋಗುತ್ತದೆ? ಹೊಸ ಲಿಂಟಲ್ ಗಟ್ಟಿಯಾಗುವವರೆಗೆ ಮೇಲಿನದನ್ನು ಹಿಡಿದಿರುವವರು ಯಾರು? ಉತ್ತರ ತಡವರಿಸಿದರೆ ಎಂಜಿನಿಯರಿಗೆ ಕೊಡುವ ಫೀಸು ದುಬಾರಿಯಲ್ಲ.

ಇನ್ನೊಂದು, ಕಿಟಕಿಯ ಸರಳುಗಳು. ಕಳ್ಳರ ಭಯಕ್ಕೆ ನಾವು ಪ್ರತಿ ಕಿಟಕಿಗೂ ಕಬ್ಬಿಣದ ಗ್ರಿಲ್ ಬೆಸೆದಿರುತ್ತೇವೆ. ಕಳ್ಳ ಒಳಗೆ ಬರುವುದಿಲ್ಲ ನಿಜ, ಬೆಂಕಿ ಬಿದ್ದ ದಿನ ನಾವೂ ಹೊರಗೆ ಹೋಗುವುದಿಲ್ಲ. ಮಲಗುವ ಕೋಣೆಯ ಒಂದು ಕಿಟಕಿಯ ಗ್ರಿಲ್ಲಿಗಾದರೂ ಕೀಲು ಹಾಕಿಸಿ, ಒಳಗಿನಿಂದ ಚಿಲಕ ತೆಗೆದರೆ ಬಾಗಿಲಿನಂತೆ ತೆರೆಯುವ ಹಾಗೆ ಮಾಡಿಸಬಹುದು. ನಿಮ್ಮೂರಿನ ವೆಲ್ಡಿಂಗ್ ಅಂಗಡಿಯವನಿಗೆ ಅದು ದೊಡ್ಡ ಕೆಲಸವೇನಲ್ಲ.

ಮಕ್ಕಳೇ, ನಿಮಗೆ ಈ ವಾರದ ಮನೆಗೆಲಸ. ಟೇಪು ಹಿಡಿದು ನೀವು ಮಲಗುವ ಕೋಣೆಯ ಕಿಟಕಿ ತೆರೆದಾಗ ಎಷ್ಟು ಅಗಲ, ಎಷ್ಟು ಎತ್ತರ ಜಾಗ ಸಿಗುತ್ತದೆ ಅಳೆಯಿರಿ. ಕೆಳ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದೂ ಅಳೆಯಿರಿ. ಗುಣಿಸಿ, 144ರಿಂದ ಭಾಗಿಸಿ. 5.7 ಬಂತೇ? ಆಮೇಲೆ ಅಜ್ಜಿಯನ್ನೋ ತಾತನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಬಾಗಿಲ ಕಡೆ ಹೋಗಲು ಆಗದಿದ್ದರೆ ಎಲ್ಲಿಂದ ಹೊರಗೆ ಹೋಗುವುದು ಎಂದು ಒಂದು ಚಿತ್ರ ಬರೆಯಿರಿ. ಆ ಚಿತ್ರದಲ್ಲಿ ಅಜ್ಜಿಗೂ ತಾತನಿಗೂ ದಾರಿ ಇರಲಿ. ಅವರಿಗೆ 44 ಇಂಚು ಹತ್ತಲು ಒಂದು ಸ್ಟೂಲು ಬೇಕಾಗುತ್ತದೆ, ಅದನ್ನೂ ಬರೆಯಿರಿ.